ಸಿಗ್ನಲ್‌ನಲ್ಲಿ ನಿಂತಾಗ ಹಿಂದಿನಿಂದ ಬಂದು ಗುದ್ದುತ್ತಾರೆ: ಬೈಕ್ ಸವಾರ ಏನು ಮಾಡಬೇಕು?

ಹಿನಕಲ್‌ನವನು
ಕಳೆದ ವಾರ ರಿಂಗ್ ರಸ್ತೆಯ ಒಂದು ಸಿಗ್ನಲ್‌ನಲ್ಲಿ ಹಳದಿ ಬಿತ್ತು, ಬೈಕ್ ನಿಲ್ಲಿಸಿದೆ. ಹಿಂದಿನ ಕಾರಿನವನು ನಿಲ್ಲಿಸಲಿಲ್ಲ. ಮಡ್‌ಗಾರ್ಡ್, ದೀಪ, ನಂಬರ್ ಪ್ಲೇಟ್ ಎಲ್ಲ ಪುಡಿಪುಡಿ. ನನಗೆ ಮೊಣಕೈ ತರಚಿ, ಸೊಂಟ ಹಿಡಿದುಕೊಂಡದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಎದುರಿಗೆ ಬಸ್ಸೋ ಲಾರಿಯೋ ನಿಂತಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಕಾರಿನವನ ಮೇಲಿನ ಸಿಟ್ಟು ಅಂದೇ ಇಳಿಯಿತು. ಇಳಿಯದೆ ಉಳಿದಿರುವುದು ಗುಂಪು ಸೇರಿದವರ ಮೇಲಿನ ಸಿಟ್ಟು. ಎಲ್ಲರದೂ ಒಂದೇ ಪ್ರಶ್ನೆ: "ಇನ್ನೂ ಕೆಂಪು ಬಿದ್ದಿರಲಿಲ್ಲವಲ್ಲ, ಯಾಕೆ ನಿಲ್ಲಿಸಿದಿರಿ?" ಕಾರಿನವನನ್ನು "ನೀನು ಯಾಕೆ ನಿಲ್ಲಿಸಲಿಲ್ಲ" ಎಂದು ಕೇಳಿದವರು ಒಬ್ಬರೂ ಇಲ್ಲ. ಮನೆಗೆ ಬಂದರೆ ನಮ್ಮ ಮಾವನವರದೂ ಅದೇ ಧಾಟಿ.

ಹಿಂದಿನಿಂದ ಬರುವವನು ಬ್ರೇಕ್ ಹಾಕುವುದು ಬಿಡುವುದು ಅವನ ಕೈಯಲ್ಲಿದೆ, ಒಪ್ಪಿದೆ. ನಿಂತಿರುವ ನಮ್ಮ ಕೈಯಲ್ಲಿ ಏನಾದರೂ ಇದೆಯೇ? ಅನುಭವ ಇರುವವರು ತಿಳಿಸಿ. "ಹೆಲ್ಮೆಟ್ ಹಾಕಿಕೊಳ್ಳಿ" ಎಂದು ಮಾತ್ರ ಬರೆಯಬೇಡಿ, ಹಾಕಿದ್ದೆ.

ಕೆಎ-11
ನಿಲ್ಲಿಸಬಾರದಿತ್ತು.

ಹಿನಕಲ್‌ನವನು
ಮಾವನವರೇ, ಇಲ್ಲಿಗೂ ಬಂದಿರಾ?

ಕೆಎ-11
ತಮಾಷೆ ಇರಲಿ ಸ್ವಾಮಿ. ಹಳದಿ ಎಂದರೆ ನಿಲ್ಲಬೇಕು, ನಿಜ. ಆದರೆ ಸುರಕ್ಷಿತವಾಗಿ ನಿಲ್ಲಲು ಆಗದಷ್ಟು ಗೆರೆಯ ಹತ್ತಿರ ಬಂದುಬಿಟ್ಟಿದ್ದರೆ ದಾಟಿ ಹೋಗುವುದು ತಪ್ಪಲ್ಲ. ಬ್ರೇಕ್ ಒತ್ತುವ ಮೊದಲು ಕನ್ನಡಿ ನೋಡಿದಿರಾ? ನಮ್ಮ ಸಿಗ್ನಲ್‌ಗಳಲ್ಲಿ ಹಸಿರಿನ ಪಕ್ಕದಲ್ಲೇ ಅಂಕಿ ಇಳಿಯುತ್ತಿರುತ್ತದೆ. ಐದು, ನಾಲ್ಕು, ಮೂರು ಎನ್ನುತ್ತಿದ್ದಂತೆ ಹಿಂದಿನವರೆಲ್ಲ ಎಕ್ಸಲರೇಟರ್ ತುಳಿಯುತ್ತಾರೆ. ಅವರ ಲೆಕ್ಕದಲ್ಲಿ ನೀವೂ ದಾಟುವವರೇ. ಆಗ ನೀವು ಗಕ್ಕನೆ ನಿಂತರೆ ಏನಾಗುತ್ತದೆ?

ಕುವೆಂಪುನಗರದ ಖಾರ
ಚೆನ್ನಾಗಿದೆ ನ್ಯಾಯ. ನಿಯಮ ಮುರಿಯುವವನ ವೇಗ ನೋಡಿಕೊಂಡು ನಿಯಮ ಪಾಲಿಸುವವನು ಓಡಬೇಕು! ನಾಳೆ ಹಿಂದಿನವನಿಗೆ ಅವಸರ ಇದ್ದರೆ ಕೆಂಪು ದೀಪವನ್ನೂ ದಾಟೋಣವೇ? ಮುಂದಿನ ವಾಹನ ಹಠಾತ್ತನೆ ನಿಂತರೂ ಗುದ್ದದಷ್ಟು ಅಂತರ ಇಟ್ಟುಕೊಳ್ಳಬೇಕೆಂದು 1989ರ ರಸ್ತೆ ನಿಯಮಗಳಲ್ಲೂ ಇತ್ತು, ಅದರ ಜಾಗಕ್ಕೆ ಬಂದ 2017ರ ಚಾಲನಾ ನಿಯಮಗಳಲ್ಲೂ ಇದೆ. ಅಂತರ ಇಡದವನದೇ ತಪ್ಪು. ಇದರಲ್ಲಿ ಚರ್ಚೆಗೆ ಏನಿದೆ?

ಕೆಎ-11
ತಪ್ಪು ಯಾರದು ಎಂದು ಅವರು ಕೇಳಿಲ್ಲ. ಏನು ಮಾಡಬಹುದು ಎಂದು ಕೇಳಿದ್ದಾರೆ. ಎರಡು ಬೇರೆ ಬೇರೆ ಪ್ರಶ್ನೆ.

ನಿವೃತ್ತ ಮೇಷ್ಟ್ರು, ಮಂಡ್ಯ
ಭೌತಶಾಸ್ತ್ರ ಪಾಠ ಮಾಡಿದವನು, ಲೆಕ್ಕ ಹೇಳದೆ ಇರಲಾರೆ. 40 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ನಿಮ್ಮ ಬ್ರೇಕ್ ದೀಪ ಕಂಡು ಚಾಲಕನ ಕಾಲು ಬ್ರೇಕ್ ಮೇಲೆ ಹೋಗುವಷ್ಟರಲ್ಲಿ ಸುಮಾರು ಒಂದೂವರೆ ಸೆಕೆಂಡ್, ಅಂದರೆ 17 ಮೀಟರ್ ಕಳೆದುಹೋಯಿತು. ಒಣ ರಸ್ತೆ, ಒಳ್ಳೆಯ ಟಯರ್ ಇದ್ದರೆ ಬ್ರೇಕ್ ಹಿಡಿದ ಮೇಲೆ ಇನ್ನು 9 ಮೀಟರ್. ಒಟ್ಟು 26. ಅಷ್ಟು ಜಾಗವನ್ನು ನಮ್ಮ ಊರಿನಲ್ಲಿ ಯಾರು ಬಿಡುತ್ತಾರೆ? ಬಿಟ್ಟರೆ ಅಲ್ಲಿಗೆ ಎರಡು ಆಟೋ ನುಗ್ಗುತ್ತವೆ.

ಇದು ಗಮನವಿಟ್ಟು ಓಡಿಸುವವನ ಲೆಕ್ಕ. 50 ಕಿ.ಮೀ. ವೇಗದಲ್ಲಿ ಎರಡೇ ಸೆಕೆಂಡ್ ಮೊಬೈಲ್ ನೋಡಿದವನು 28 ಮೀಟರ್ ಕಣ್ಣು ಮುಚ್ಚಿಕೊಂಡು ಬಂದಂತೆ.

ಇನ್ನೊಂದು. 1100 ಕೆ.ಜಿ. ಕಾರು 30 ಕಿ.ಮೀ. ವೇಗದಲ್ಲಿ ಬಂದು, ಸವಾರನೂ ಸೇರಿ 200 ಕೆ.ಜಿ. ಇರುವ ನಿಂತ ಬೈಕಿಗೆ ಗುದ್ದಿ ತಳ್ಳಿಕೊಂಡು ಹೋದರೆ ಎರಡೂ ಸುಮಾರು 25 ಕಿ.ಮೀ. ವೇಗದಲ್ಲಿ ಮುಂದೆ ಹೋಗುತ್ತವೆ. ಕಾರಿನವನಿಗೆ ಕಳೆದದ್ದು ಐದು ಕಿ.ಮೀ. ವೇಗ ಮಾತ್ರ. ನಿಮಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಸೊನ್ನೆಯಿಂದ 25. "ನಿಧಾನವಾಗಿಯೇ ತಾಗಿತು" ಎಂದು ಕಾರಿನವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಅವರಿಗೆ ತಾಗಿದ್ದು ಅಷ್ಟೇ.

ಸರಸ್ವತಿಪುರಂ
ಮೇಷ್ಟ್ರೇ, ಆ ಕೊನೆಯ ಸಾಲಿಗೆ ನಮಸ್ಕಾರ.

ಗ್ಯಾರೇಜ್ ಅಣ್ಣ
ಲೆಕ್ಕ ಆಯಿತು, ಈಗ ಗಾಡಿಯ ವಿಷಯ ನೋಡೋಣ. ನನ್ನ ಬಳಿ ಸರ್ವಿಸ್‌ಗೆ ಬರುವ ಗಾಡಿಗಳಲ್ಲಿ ಬ್ರೇಕ್ ದೀಪ ಸರಿಯಾಗಿ ಉರಿಯದವು ಬೇಕಾದಷ್ಟು. ಮಾಲೀಕರಿಗೆ ಗೊತ್ತೇ ಇರುವುದಿಲ್ಲ, ಹಿಂದಿನ ದೀಪವನ್ನು ಓಡಿಸುವವನು ನೋಡುವುದಿಲ್ಲವಲ್ಲ.

ಹಿಂದಿನ ಡ್ರಮ್ ಬ್ರೇಕ್ ಬಿಗಿ ಮಾಡಿಸುತ್ತೀರಿ. ಪೆಡಲ್ ಹತ್ತಿರ ಒಂದು ಪುಟ್ಟ ಸ್ಪ್ರಿಂಗ್ ಇರುವ ಸ್ವಿಚ್ ಇದೆ, ಅದನ್ನು ಯಾರೂ ಸರಿಮಾಡಿಸುವುದಿಲ್ಲ. ಆಗ ಬ್ರೇಕ್ ಮೊದಲೇ ಹಿಡಿಯುತ್ತದೆ, ದೀಪ ತಡವಾಗಿ ಬರುತ್ತದೆ. ಇಲ್ಲವೇ ಸ್ಪ್ರಿಂಗ್ ಅತಿಯಾಗಿ ಎಳೆದು ದೀಪ ಸದಾ ಉರಿಯುತ್ತಲೇ ಇರುತ್ತದೆ. ಸದಾ ಉರಿಯುವ ಬ್ರೇಕ್ ದೀಪದಿಂದ ಹಿಂದಿನವನಿಗೆ ಏನು ತಿಳಿಯಬೇಕು? ಮುಂದಿನ ಲಿವರ್‌ಗೆ ಬೇರೆ ಸ್ವಿಚ್ ಇದೆ, ಮಳೆಗಾಲ ಕಳೆದ ಮೇಲೆ ಅದು ಕೈಕೊಡುತ್ತದೆ. ರಾತ್ರಿ ಗೋಡೆಗೆ ಬೆನ್ನು ಮಾಡಿ ಗಾಡಿ ನಿಲ್ಲಿಸಿ, ಒಮ್ಮೆ ಕೈ ಬ್ರೇಕ್, ಒಮ್ಮೆ ಕಾಲು ಬ್ರೇಕ್ ಹಿಡಿದು ಗೋಡೆಯ ಮೇಲೆ ಕೆಂಪು ಬೀಳುತ್ತದೆಯೇ ನೋಡಿ. ಒಂದು ರೂಪಾಯಿ ಖರ್ಚಿಲ್ಲ.

ಹುಡುಗರು ಹಿಂದಿನ ದೀಪದ ಮೇಲೆ ಕಪ್ಪು ಹಾಳೆ ಅಂಟಿಸಿಕೊಂಡು ಬರುತ್ತಾರೆ. ನಾನು ಕಿತ್ತುಹಾಕದೆ ಗಾಡಿ ವಾಪಸ್ ಕೊಡುವುದಿಲ್ಲ. ಬೈಯುತ್ತಾರೆ, ಬೈಯಲಿ.

ಹಿನಕಲ್‌ನವನು
ಅಣ್ಣಾ, ನಿಂತ ಮೇಲೂ ಬ್ರೇಕ್ ಹಿಡಿದೇ ಇರಬೇಕೇ?

ಗ್ಯಾರೇಜ್ ಅಣ್ಣ
ಅದನ್ನೇ ಹೇಳಲು ಹೊರಟಿದ್ದೆ. ಸಮತಟ್ಟಾದ ರಸ್ತೆಯಲ್ಲಿ ನಿಂತ ಕೂಡಲೇ ಎಲ್ಲರೂ ಕೈ ಬಿಟ್ಟು ತೊಡೆಯ ಮೇಲೆ ಇಡುತ್ತಾರೆ, ಬ್ರೇಕ್ ದೀಪ ಆರಿಹೋಗುತ್ತದೆ. ಹಗಲಿನಲ್ಲಿ ಉಳಿದ ಸಣ್ಣ ದೀಪ ಯಾರಿಗೂ ಕಾಣದು. ಹಿಂದೆ ಒಂದು ವಾಹನ ಬಂದು ಪೂರ್ತಿ ನಿಲ್ಲುವ ತನಕ ಬ್ರೇಕ್ ಹಿಡಿದಿರಿ. ಇನ್ನೂ ಒಳ್ಳೆಯದು, ದೂರದಲ್ಲಿ ಯಾರೋ ವೇಗವಾಗಿ ಬರುತ್ತಿರುವುದು ಕನ್ನಡಿಯಲ್ಲಿ ಕಂಡರೆ ಎರಡು ಮೂರು ಸಲ ಬಿಟ್ಟು ಬಿಟ್ಟು ಹಿಡಿಯಿರಿ. ಮಿನುಗುವ ದೀಪ ಬೇಗ ಕಣ್ಣಿಗೆ ಬೀಳುತ್ತದೆ.

ಪೆಟ್ರೋಲ್ ಉಳಿತಾಯ
ನಾನು ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡುತ್ತೇನೆ. ತೊಂಬತ್ತು ಸೆಕೆಂಡ್ ಸುಮ್ಮನೆ ಉರಿಸುವುದೇಕೆ?

ಕೆಎ-11
ಕೀ ತಿರುಗಿಸಿ ಆಫ್ ಮಾಡಿದರೆ ಹಿಂದಿನ ದೀಪವೂ ಆರುತ್ತದೆ, ಓಡಿಹೋಗಲು ಎಂಜಿನ್ನೂ ಇರುವುದಿಲ್ಲ. ಹಿಂದೆ ಮೂರು ನಾಲ್ಕು ವಾಹನ ಬಂದು ನಿಂತ ಮೇಲೆ ಬೇಕಾದರೆ ಆಫ್ ಮಾಡಿ. ಸಾಲಿನ ಕೊನೆಯಲ್ಲಿ ನೀವೊಬ್ಬರೇ ಇರುವಾಗ ಬೇಡ. ಗೇರ್ ಇರುವ ಬೈಕ್ ಆದರೆ ಮೊದಲ ಗೇರ್‌ನಲ್ಲಿ ಕ್ಲಚ್ ಹಿಡಿದು ನಿಲ್ಲಬೇಕು, ನ್ಯೂಟ್ರಲ್‌ನಲ್ಲಿ ಅಲ್ಲ.

ನಿಲ್ಲುವ ಜಾಗದ ಬಗ್ಗೆಯೂ ಹೇಳಿಬಿಡುತ್ತೇನೆ. ಮುಂದಿನ ಕಾರಿನ ನಟ್ಟನಡುವೆ, ಬಂಪರ್‌ಗೆ ತಾಗಿಕೊಂಡು ನಿಲ್ಲಬೇಡಿ. ಅರ್ಧ ಬೈಕಿನಷ್ಟು ಪಕ್ಕಕ್ಕೆ ಸರಿದು, ಒಂದು ಬೈಕಿನಷ್ಟು ಹಿಂದೆ ನಿಲ್ಲಿ. ಮುಂದಿನ ಚಕ್ರ ಸಂದಿನ ಕಡೆಗೆ ತಿರುಗಿರಲಿ. ಬರುವವನು ನಿಲ್ಲುವುದಿಲ್ಲ ಎಂದು ಕಂಡ ಕೂಡಲೇ ಕ್ಲಚ್ ಬಿಟ್ಟು ಆ ಸಂದಿಗೆ ನುಗ್ಗಿ. ಅವನು ಕಾರಿಗೆ ಗುದ್ದಿಕೊಳ್ಳಲಿ, ಅದು ತಗಡಿಗೆ ತಗಡು.

ಗೋಕುಲಂ ಸ್ಕೂಟರ್
ಇದೆಲ್ಲ ಒಬ್ಬಂಟಿ ಗಂಡಸರ ಸಲಹೆ. ನನ್ನ ಪರಿಸ್ಥಿತಿ ಕೇಳಿ. ಹಿಂದೆ ಮಗಳು, ಅವಳ ಬೆನ್ನಿಗೆ ಶಾಲೆಯ ಚೀಲ, ಮುಂದೆ ಕಾಲಿನ ಬಳಿ ತರಕಾರಿ ಚೀಲ. ಕನ್ನಡಿಯಲ್ಲಿ ಅರ್ಧ ಕಾಣುವುದು ಮಗಳ ಚೀಲವೇ. ಸಂದಿಗೆ ನುಗ್ಗಿ ಎಂದರೆ ಹೇಗೆ ನುಗ್ಗಲಿ? ನುಗ್ಗುವ ಭರದಲ್ಲಿ ಮಗುವೇ ಬಿದ್ದರೆ?

ಹಿಂದಿನಿಂದ ಗುದ್ದಿದಾಗ ಮೊದಲ ಪೆಟ್ಟು ಯಾರಿಗೆ ಎಂದು ಇಷ್ಟು ಹೊತ್ತಿನ ತನಕ ಯಾರೂ ಬರೆದಿಲ್ಲ. ಹಿಂದೆ ಕುಳಿತವರಿಗೆ. ಸೀರೆ ಉಟ್ಟು ಒಂದೇ ಕಡೆಗೆ ಕಾಲು ಹಾಕಿ ಕುಳಿತ ನಮ್ಮ ಅತ್ತೆಯಂಥವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಮೈಸೂರಿನಲ್ಲಿ ಓಡಿಸುವವರ ತಲೆಯ ಮೇಲೆ ಹೆಲ್ಮೆಟ್ ಕಾಣುತ್ತದೆ, ಹಿಂದೆ ಕುಳಿತವರ ತಲೆಯ ಮೇಲೆ ಎಷ್ಟು ಕಾಣುತ್ತದೆ ಹೇಳಿ.

ನಿವೃತ್ತ ಮೇಷ್ಟ್ರು, ಮಂಡ್ಯ
ತಾಯಿ, ನಿಮ್ಮ ಮಾತು ಸರಿ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್ ಮತ್ತು ಓಡಿಸುವವರಿಗೆ ಬಿಗಿಯುವ ಸುರಕ್ಷಾ ಪಟ್ಟಿ ಕಡ್ಡಾಯ, ವೇಗ 40 ಕಿ.ಮೀ. ಮೀರಬಾರದು ಎಂಬ ಕೇಂದ್ರದ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಪಟ್ಟಿ ಕಟ್ಟಿದ ಮಗುವನ್ನು ನಾನಂತೂ ಮಂಡ್ಯದಲ್ಲಿ ಕಂಡಿಲ್ಲ.

ಊಟ ತಲುಪಿಸುವವನು
ನಾವು ದಿನವಿಡೀ ರಸ್ತೆಯಲ್ಲೇ ಇರುವವರು, ನಮ್ಮ ಉಪಾಯ ಸರಳ. ಕಾರುಗಳ ನಡುವೆ ನುಸುಳಿ ಮುಂದೆ ಹೋಗಿ ಗೆರೆಯ ಹತ್ತಿರ ನಿಲ್ಲುವುದು. ಬೆನ್ನ ಹಿಂದೆ ಕಾರು ಆಗಲೇ ನಿಂತಿದೆ, ಇನ್ನು ಗುದ್ದುವವರು ಯಾರು? ಸಾಲಿನ ಕೊನೆಯಲ್ಲಿ ಕಾರಿನಂತೆ ನಿಲ್ಲುವ ಬೈಕಿನವನೇ ಮೊದಲು ಏಟು ತಿನ್ನುವುದು.

ಕುವೆಂಪುನಗರದ ಖಾರ
ಹೌದು, ಮುಂದೆ ಹೋಗಿ ಜೀಬ್ರಾ ಪಟ್ಟಿಯ ಮೇಲೆ ನಿಲ್ಲುವುದು. ನಡೆದು ದಾಟುವ ಮುದುಕರು ನಿಮ್ಮ ಚಕ್ರಗಳ ನಡುವೆ ದಾರಿ ಹುಡುಕಬೇಕು.

ಊಟ ತಲುಪಿಸುವವನು
ಪಟ್ಟಿಯ ಮೇಲೆ ಎಂದು ನಾನು ಬರೆದಿಲ್ಲ. ಗೆರೆಯ ಹತ್ತಿರ ಎಂದು ಬರೆದಿದ್ದೇನೆ. ಕನ್ನಡಕ ಒರೆಸಿಕೊಂಡು ಓದಿ.

ಮದ್ದೂರು ಟು ಸ್ಯಾನ್ ಹೋಸೆ
ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾರುಗಳ ಸಾಲಿನ ನಡುವೆ ಬೈಕ್ ಓಡಿಸುವುದು ಕಾನೂನುಬದ್ಧ. ಮೊದಲಿನಿಂದಲೂ ರೂಢಿಯಲ್ಲಿತ್ತು, 2016ರಲ್ಲಿ ಸ್ಪಷ್ಟ ಕಾಯ್ದೆಯೇ ಆಯಿತು. ಹತ್ತಿರದ ಕೆಲವು ರಾಜ್ಯಗಳು ಇನ್ನೂ ಎಚ್ಚರಿಕೆಯಿಂದ ಒಪ್ಪಿವೆ: ಯೂಟಾದಲ್ಲಿ 2019ರಿಂದ, ಕಾರುಗಳು ಪೂರ್ತಿ ನಿಂತಿರುವಾಗ ಮಾತ್ರ, ಅದೂ ಗಂಟೆಗೆ 15 ಮೈಲಿಯೊಳಗೆ ನುಸುಳಬಹುದು. ಅವರು ಕೊಟ್ಟ ಕಾರಣಗಳಲ್ಲಿ ಒಂದು ನೀವೆಲ್ಲ ಹೇಳುತ್ತಿರುವುದೇ. ಸಾಲಿನ ಕೊನೆಯಲ್ಲಿ ನಿಂತ ಬೈಕಿಗೆ ಹಿಂದಿನಿಂದ ಏಟು ಬೀಳಬಾರದು ಎಂಬುದು.

ಬರ್ಕ್ಲಿ ವಿಶ್ವವಿದ್ಯಾಲಯದ 2015ರ ಅಧ್ಯಯನ ಒಂದಿದೆ. ಅಪಘಾತಕ್ಕೀಡಾದ 5,969 ಸವಾರರ ವಿವರ ನೋಡಿದರು. ನುಸುಳುತ್ತಿದ್ದವರಲ್ಲಿ ಹಿಂದಿನಿಂದ ಏಟು ತಿಂದವರು ಶೇ 2.6, ಉಳಿದವರಲ್ಲಿ ಶೇ 4.6. ಊಟ ತಲುಪಿಸುವ ಅಣ್ಣ ಹೇಳಿದ್ದು ಸುಳ್ಳಲ್ಲ.

ಅಂಕಿಗೆ ಅಂಕಿ
ಅದೇ ಅಧ್ಯಯನದ ಇನ್ನೊಂದು ಸಾಲನ್ನು ಯಾಕೆ ಬಿಟ್ಟಿರಿ? ನುಸುಳುತ್ತಿದ್ದವರು ತಾವೇ ಮುಂದಿನ ವಾಹನಕ್ಕೆ ಹೋಗಿ ಗುದ್ದಿದ್ದು ಶೇ 38.4. ಉಳಿದವರಲ್ಲಿ ಅದು ಶೇ 15.7. ಹಿಂದಿನ ಏಟು ತಪ್ಪಿಸಿಕೊಳ್ಳಲು ಹೋಗಿ ಮುಂದೆ ಗುದ್ದಿಕೊಂಡ ಹಾಗಾಯಿತು. ಮೇಲಾಗಿ ಅವರೆಲ್ಲ ಆಗಲೇ ಅಪಘಾತಕ್ಕೀಡಾದವರು. ಅಪಘಾತವೇ ಆಗದೆ ಮನೆಗೆ ಹೋದವರ ಲೆಕ್ಕ ಅದರಲ್ಲಿಲ್ಲ, ಆದ್ದರಿಂದ ನುಸುಳಿದರೆ ಒಟ್ಟು ಅಪಾಯ ಕಡಿಮೆ ಎಂದು ಅದರಿಂದ ಹೇಳಲಾಗದು.

ಮದ್ದೂರು ಟು ಸ್ಯಾನ್ ಹೋಸೆ
ಒಪ್ಪಿದೆ. ಆದರೆ ಪೂರ್ತಿ ನಿಂತ ಕಾರುಗಳ ನಡುವೆ ನಿಧಾನವಾಗಿ ಹೋಗುವುದು ಬೇರೆ, ಓಡುತ್ತಿರುವ ಕಾರುಗಳ ನಡುವೆ ತೂರುವುದು ಬೇರೆ.

ಅಂಕಿಗೆ ಅಂಕಿ
ನಮ್ಮಲ್ಲಿ ಆ ವ್ಯತ್ಯಾಸ ಯಾರು ನೋಡುತ್ತಾರೆ ಸ್ವಾಮಿ. ನಮ್ಮ ದೇಶದ ಅಂಕಿ ಬೇಕಾದರೆ ಇದು: 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಅವರಲ್ಲಿ ಶೇ 44.5 ದ್ವಿಚಕ್ರ ವಾಹನದವರು. ಅಪಘಾತದ ಬಗೆಗಳಲ್ಲಿ ಮೊದಲ ಸ್ಥಾನ ಹಿಂದಿನಿಂದ ಗುದ್ದುವುದಕ್ಕೇ, ಸುಮಾರು ಐದರಲ್ಲಿ ಒಂದು. ಆದರೆ ಅದರಲ್ಲಿ ಓಡುತ್ತಿದ್ದ ವಾಹನಗಳೂ ಸೇರಿವೆ. ಬೈಕಿನವರೇ ಲಾರಿಯ ಹಿಂಭಾಗಕ್ಕೆ ಹೋಗಿ ಬಡಿದದ್ದೂ ಸೇರಿದೆ.

ಲಾರಿ ಸ್ಟೇರಿಂಗ್
ಮುಂದೆ ಹೋಗಿ ನಿಲ್ಲುವವರಿಗೆ ಒಂದು ಮಾತು. ಕಾರಿನ ಮುಂದೆ ನಿಲ್ಲಿ, ಬೇಡ ಎನ್ನುವುದಿಲ್ಲ. ಲಾರಿಯ ಬಂಪರ್ ಮುಂದೆ ಬಂದು ನಿಲ್ಲಬೇಡಿ. ಕ್ಯಾಬಿನ್‌ನಲ್ಲಿ ಎತ್ತರಕ್ಕೆ ಕುಳಿತವನಿಗೆ ಮೂತಿಯ ಮುಂದಿನ ಜಾಗ, ಎಡಗಡೆಯ ಬಾಗಿಲ ಪಕ್ಕದ ಜಾಗ ಕಾಣುವುದೇ ಇಲ್ಲ. ಕೆಂಪು ದೀಪ ಇದ್ದಾಗ ನೀವು ಎಡಗಡೆಯಿಂದ ತೂರಿ ಬಂದು ಮೂತಿಯ ಕೆಳಗೆ ನಿಲ್ಲುತ್ತೀರಿ. ನಾನು ಆಗ ಎದುರಿನ ದೀಪ ನೋಡುತ್ತಿರುತ್ತೇನೆ. ಹಸಿರು ಬಿತ್ತು, ಗಾಡಿ ಎತ್ತಿದೆ. ಕೆಳಗೆ ನೀವಿದ್ದೀರಿ ಎಂದು ನನಗೆ ಹೇಗೆ ಗೊತ್ತಾಗಬೇಕು? ತಿರುಗಿ ನೋಡಿ. ನನ್ನ ಮುಖ ನಿಮಗೆ ಕಾಣದಿದ್ದರೆ ನೀವೂ ನನಗೆ ಕಾಣುವುದಿಲ್ಲ.

ಹಾಗೆಯೇ ತುಂಬಿದ ಲಾರಿ ನಿಮ್ಮ ಕಾರಿನ ಹಾಗೆ ನಿಲ್ಲುವುದಿಲ್ಲ. ನಾನು ದೂರದಿಂದಲೇ ಅಂತರ ಬಿಟ್ಟುಕೊಂಡು ಬರುತ್ತೇನೆ, ಆ ಅಂತರಕ್ಕೆ ಬಂದು ಸೇರಿಕೊಂಡು ಬ್ರೇಕ್ ಹಾಕುವವರು ಬೈಕಿನವರೇ. ಆಮೇಲೆ "ಲಾರಿಯವನು ಗುದ್ದಿದ" ಎನ್ನುತ್ತೀರಿ.

ಊಟ ತಲುಪಿಸುವವನು
ಇದು ನಿಜ. ಲಾರಿ, ಬಸ್ ಇದ್ದರೆ ನಾನೂ ಹಿಂದೆಯೇ ನಿಲ್ಲುತ್ತೇನೆ.

ಶ್ರೀರಂಗಪಟ್ಟಣದಿಂದ ದಿನವೂ
ಯಾರೂ ಸೂರ್ಯನ ವಿಷಯ ಎತ್ತಿಲ್ಲ. ಮಂಡ್ಯದಿಂದ ಶ್ರೀರಂಗಪಟ್ಟಣದ ಕಡೆಗೆ ರಸ್ತೆ ಹೆಚ್ಚುಕಡಿಮೆ ನೈಋತ್ಯ ದಿಕ್ಕಿಗೆ ಸಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಮುಳುಗುವುದೂ ನೈಋತ್ಯಕ್ಕೇ. ಸಂಜೆ ಐದೂವರೆಯ ನಂತರ ಎದುರಿನ ಗಾಜಿನ ತುಂಬ ಬಿಸಿಲು, ಮುಂದಿರುವ ಬೈಕ್ ಬರೀ ಕಪ್ಪು ಗೀಟು. ಬ್ರೇಕ್ ದೀಪ ಉರಿದರೂ ಕಾಣುವುದಿಲ್ಲ. ಮೈಸೂರಿನಿಂದ ಹುಣಸೂರು ರಸ್ತೆಯಲ್ಲಿ ಸಂಜೆ ಪಡುವಣಕ್ಕೆ ಹೋಗುವವರಿಗೂ ಇದೇ ಪಾಡು. ನಾನು ಕಾರೂ ಓಡಿಸುತ್ತೇನೆ, ಬೈಕೂ ಓಡಿಸುತ್ತೇನೆ, ಆದ್ದರಿಂದ ಎರಡೂ ಕಡೆಯ ಕಷ್ಟ ಗೊತ್ತು. ನಿಮ್ಮ ನೆರಳು ನಿಮ್ಮ ಹಿಂದೆ ಉದ್ದಕ್ಕೆ ಬಿದ್ದಿದ್ದರೆ ಹಿಂದಿನವನಿಗೆ ನೀವು ಕಾಣುತ್ತಿಲ್ಲ ಎಂದೇ ತಿಳಿದುಕೊಳ್ಳಿ. ಆ ಹೊತ್ತಿನಲ್ಲಿ ಸಾಲಿನ ಕೊನೆಯಲ್ಲಿ ನಿಲ್ಲದೆ ಪಕ್ಕಕ್ಕೆ ಸರಿದು ನಿಲ್ಲುತ್ತೇನೆ.

ಆಟೋ ರಾಜಣ್ಣನಲ್ಲ
ಆಟೋದ ಹಳೇ ಗಾಜಿಗೆ ವೈಪರ್ ಗೀಚಿದ ಗೆರೆಗಳ ಮೇಲೆ ಸಂಜೆ ಬಿಸಿಲು ಬಿದ್ದರೆ ದೇವರೇ ಗತಿ. ಒಪ್ಪುತ್ತೇನೆ.

ಕಬ್ಬಿನ ಗದ್ದೆ
ಮಂಡ್ಯದ ಬಗ್ಗೆ ಮಾತು ಬಂತಲ್ಲ, ಕಬ್ಬಿನ ಟ್ರ್ಯಾಕ್ಟರ್ ವಿಷಯ ಯಾರೂ ಹೇಳಲಿಲ್ಲ. ಟ್ರೇಲರ್ ಹಿಂದೆ ಕಬ್ಬಿನ ಸೋಗೆ ಜೋತುಬಿದ್ದು ದೀಪ, ಪ್ರತಿಫಲಕ ಎಲ್ಲ ಮುಚ್ಚಿಹೋಗಿರುತ್ತದೆ. ರಾತ್ರಿ ರಸ್ತೆ ಬದಿಗೆ ನಿಂತಿದ್ದರೆ ಹತ್ತಿರ ಹೋಗುವ ತನಕ ಕಾಣದು. ನಮ್ಮ ಅಜ್ಜನ ಕಾಲದಲ್ಲಿ ಎತ್ತಿನ ಗಾಡಿಯ ಅಚ್ಚಿನ ಕೆಳಗೆ ಲಾಟೀನು ನೇತುಹಾಕುತ್ತಿದ್ದರು. ಈಗ ಅಷ್ಟೂ ಇಲ್ಲ.

ಕುವೆಂಪುನಗರದ ಖಾರ
ಅದು ನೀವು ಹೋಗಿ ಗುದ್ದುವುದು. ಇಲ್ಲಿ ಚರ್ಚೆ ನಮಗೆ ಬಂದು ಗುದ್ದುವುದರ ಬಗ್ಗೆ.

ಕಬ್ಬಿನ ಗದ್ದೆ
ಟ್ರೇಲರ್ ಕಂಡು ಬೈಕಿನವನು ಗಕ್ಕನೆ ಬ್ರೇಕ್ ಹಾಕುತ್ತಾನೆ. ಅವನಿಗೆ ಹಿಂದಿನವನು ಬಂದು ಗುದ್ದುತ್ತಾನೆ. ಒಂದಕ್ಕೊಂದು ಸೇರಿದ್ದೇ ಅಲ್ಲವೇ? ನಗರದವರಿಗೆ ಸಿಗ್ನಲ್ ಬಿಟ್ಟರೆ ಬೇರೆ ರಸ್ತೆಯೇ ಇಲ್ಲ.

ಸರ್ವಿಸ್ ರಸ್ತೆಯವನು
ಕಬ್ಬಿನ ಅಣ್ಣನ ಪರ ನಾನು. ನಾವು ಹಳ್ಳಿಯವರು ನಿಲ್ಲುವುದು ಸಿಗ್ನಲ್‌ನಲ್ಲಲ್ಲ, ಹಂಪ್‌ನಲ್ಲಿ. 2023ರ ಆಗಸ್ಟ್ 1ರಿಂದ ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ ಬೈಕ್, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ. ಎಲ್ಲರೂ ಸರ್ವಿಸ್ ರಸ್ತೆಗೆ ಬಂದೆವು. ಅಲ್ಲಿ ಬಣ್ಣವೂ ಇಲ್ಲದ, ಫಲಕವೂ ಇಲ್ಲದ ಹಂಪ್‌ಗಳು. ಊರಿನವನಿಗೆ ಗೊತ್ತು, ನಿಧಾನಿಸುತ್ತಾನೆ. ಹಿಂದಿರುವ ಹೊರಗಿನ ಕಾರಿನವನಿಗೆ ಗೊತ್ತಿಲ್ಲ, "ಖಾಲಿ ರಸ್ತೆಯಲ್ಲಿ ಇವನೇಕೆ ನಿಲ್ಲಿಸಿದ" ಎನ್ನುವಷ್ಟರಲ್ಲಿ ತಗುಲಿಬಿಡುತ್ತದೆ. ಹಂಪ್ ಇಷ್ಟೇ ಎತ್ತರ, ಇಷ್ಟೇ ಅಗಲ, ಮುಂಚೆಯೇ ಫಲಕ, ಮೇಲೆ ಪಟ್ಟೆ ಬಣ್ಣ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡ ಬರೆದಿಟ್ಟಿದೆ. ಓದಿದವರು ಯಾರು?

ಕೆಎ-11
ಆದರೂ ಬೈಕನ್ನು ಮುಖ್ಯ ಪಥದಿಂದ ಹೊರಗಿಟ್ಟದ್ದು ಒಳ್ಳೆಯದೇ ಆಯಿತು. ನೂರರ ವೇಗದಲ್ಲಿ ಬರುವ ಕಾರುಗಳ ಮುಂದೆ ಪಂಕ್ಚರ್ ಆಗಿ ನಿಂತ ಸ್ಕೂಟರ್ ನೆನೆಸಿಕೊಳ್ಳಿ.

ಸರ್ವಿಸ್ ರಸ್ತೆಯವನು
ಹೊರಗಿಟ್ಟದ್ದು ತಪ್ಪು ಎಂದು ನಾನೂ ಹೇಳಲಿಲ್ಲ. ಹೊರಗಿಟ್ಟವರಿಗೆ ಕೊಟ್ಟ ರಸ್ತೆ ಹೀಗಿದೆ ಎಂದೆ.

ಮದ್ದೂರು ಟು ಸ್ಯಾನ್ ಹೋಸೆ
ಸರ್ವಿಸ್ ರಸ್ತೆಯಲ್ಲಾದರೆ ಮದ್ದೂರು ವಡೆಗೆ ನಿಲ್ಲಿಸಬಹುದು, ಎಕ್ಸ್‌ಪ್ರೆಸ್‌ವೇಯಲ್ಲಿ ಆ ಭಾಗ್ಯ ಇಲ್ಲ.

ಸರಸ್ವತಿಪುರಂ
ಬಂತು ನೋಡಿ ವಡೆ. ಅಮೆರಿಕದಲ್ಲಿದ್ದರೂ ಬಿಡಲಿಲ್ಲ.

ದಸರಾ ದೀಪ
ಮೈಸೂರಿನಲ್ಲಿ ಇದಕ್ಕೆಂದೇ ಒಂದು ಹಬ್ಬವಿದೆ. ದಸರಾ ದೀಪಾಲಂಕಾರ ಹಾಕಿದ ಮೇಲೆ ಸಯ್ಯಾಜಿರಾವ್ ರಸ್ತೆಯಲ್ಲಿ, ಕೆ.ಆರ್. ವೃತ್ತದಲ್ಲಿ ಓಡಿಸುವವರ ಕಣ್ಣು ಮೇಲಿರುತ್ತದೆ. ಒಂದು ಕೈಯಲ್ಲಿ ಮೊಬೈಲ್, ವಿಡಿಯೊ. ನಡೆಯುವ ವೇಗದಲ್ಲೇ ಗುದ್ದುತ್ತಾರೆ, ಅದು ಪುಣ್ಯ. ಆ ಹತ್ತು ದಿನ ನಾನು ಗಾಡಿಯನ್ನು ಮನೆಯಲ್ಲೇ ಬಿಟ್ಟು ನಡೆದುಕೊಂಡು ಹೋಗುತ್ತೇನೆ.

ಕೋರ್ಟ್ ಗುಮಾಸ್ತ
ಹಿನಕಲ್ ಸರ್, ದೂರು ಕೊಟ್ಟಿರಾ? ಅಥವಾ ಅಲ್ಲೇ ಎರಡು ಸಾವಿರ ಇಸಿದುಕೊಂಡು ಬಂದಿರಾ?

ಹಿನಕಲ್‌ನವನು
ಕಾರಿನ ನಂಬರ್ ಬರೆದುಕೊಂಡಿದ್ದೇನೆ, ಫೋಟೊ ಇದೆ. ದುಡ್ಡು ಕೊಡಲು ಬಂದರು, ತೆಗೆದುಕೊಳ್ಳಲಿಲ್ಲ. ದೂರು ಇನ್ನೂ ಕೊಟ್ಟಿಲ್ಲ.

ಕೋರ್ಟ್ ಗುಮಾಸ್ತ
ಸೊಂಟದ ನೋವು ಸಣ್ಣದೆಂದು ಬಿಡಬೇಡಿ. ಮೊದಲು ವೈದ್ಯರಿಗೆ ತೋರಿಸಿ, "ರಸ್ತೆ ಅಪಘಾತ" ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಆಮೇಲೆ ಠಾಣೆ. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಇದೆ, ಗಾಯವಾಗಿದ್ದರೆ 125. ಪರಿಹಾರ ಬರುವುದು ಕಾರಿನ ಥರ್ಡ್ ಪಾರ್ಟಿ ವಿಮೆಯಿಂದ, ಅದಕ್ಕೆ ಎಫ್‌ಐಆರ್ ಇದ್ದರೆ ದಾರಿ ಸಲೀಸು. ಪರಿಹಾರದ ಅರ್ಜಿಗೆ 2019ರ ತಿದ್ದುಪಡಿ ಆರು ತಿಂಗಳ ಗಡುವು ಹಾಕಿದೆ, ತಡ ಮಾಡಬೇಡಿ. ಹೆಚ್ಚು ಪೆಟ್ಟಾದವರಿಗೆ 2025ರ ಕೇಂದ್ರದ ಯೋಜನೆಯಲ್ಲಿ ಏಳು ದಿನದೊಳಗಿನ, ಒಂದೂವರೆ ಲಕ್ಷ ರೂಪಾಯಿ ತನಕದ ಚಿಕಿತ್ಸೆ ನಗದಿಲ್ಲದೆ ಸಿಗುತ್ತದೆ.

"ಯಾಕೆ ನಿಲ್ಲಿಸಿದಿರಿ" ಎಂದವರಿಗೆ ಒಂದು ಮಾತು. ನ್ಯಾಯಾಲಯವೂ ಆ ಪ್ರಶ್ನೆ ಕೇಳುತ್ತದೆ, ಆದರೆ ಬೇರೆ ಅರ್ಥದಲ್ಲಿ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಒಂದು ಪ್ರಕರಣ ತೀರ್ಮಾನಿಸಿತು. ಹೆದ್ದಾರಿಯ ನಡುವೆ ಕಾರು ಯಾವ ಸೂಚನೆಯನ್ನೂ ಕೊಡದೆ ಹಠಾತ್ತನೆ ನಿಂತಿತ್ತು. ಹಿಂದಿದ್ದ ಬೈಕ್ ಸವಾರ ಅದಕ್ಕೆ ಬಡಿದು ಬಿದ್ದ, ಅವನ ಹಿಂದಿನ ಬಸ್ ಕಾಲಿನ ಮೇಲೆ ಹರಿಯಿತು. ಕಾರಿನವರ ಹೊಣೆ ಶೇ 50, ಬಸ್ಸಿನದು 30, ಅಂತರ ಇಡದ ಬೈಕ್ ಸವಾರನದು 20 ಎಂದು ಹಂಚಿದರು. ಅಂದರೆ "ಹಿಂದಿನವನದೇ ತಪ್ಪು" ಎಂಬುದು ಎಲ್ಲ ಕಡೆಗೂ ನಡೆಯುವುದಿಲ್ಲ. ಆದರೆ ಸಿಗ್ನಲ್‌ನಲ್ಲಿ ನಿಲ್ಲುವುದು ಸೂಚನೆ ಇಲ್ಲದ ನಿಲುಗಡೆಯಲ್ಲ, ದೀಪವೇ ಸೂಚನೆ.

ಕೆಎ-11
ನನ್ನ ಮೊದಲ ಸಾಲಿಗೆ ಇಷ್ಟು ದೊಡ್ಡ ಉತ್ತರ ಬೇಕಿತ್ತೇ ಗುಮಾಸ್ತರೇ. ಕನ್ನಡಿ ನೋಡಿ ನಿಲ್ಲಿಸಿ ಎಂಬ ಮಾತನ್ನು ಮಾತ್ರ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಸರಸ್ವತಿಪುರಂ
ತೈವಾನ್‌ನಲ್ಲಿ ಸಿಗ್ನಲ್ ಗೆರೆಯ ಬಳಿ, ಕಾರುಗಳಿಗಿಂತ ಮುಂದೆ, ಬೈಕ್‌ಗಳಿಗೆಂದೇ ದೊಡ್ಡ ಚೌಕ ಬರೆದಿರುತ್ತಾರೆ. ಬೈಕಿನವರೆಲ್ಲ ಅಲ್ಲಿ ಸೇರಿ ನಿಲ್ಲುತ್ತಾರೆ, ಕಾರುಗಳು ಹಿಂದೆ. ಜೆ.ಎಲ್.ಬಿ. ರಸ್ತೆಯಂಥ ಅಗಲದ ಕಡೆ ಒಂದೆರಡು ಸಿಗ್ನಲ್‌ನಲ್ಲಿ ಬರೆದು ನೋಡಬಾರದೇ? ಬಣ್ಣದ ಖರ್ಚು ಅಷ್ಟೇ.

ಆಟೋ ರಾಜಣ್ಣನಲ್ಲ
ಬರೆಯಿರಿ. ಮೊದಲು ಬಂದು ನಿಲ್ಲುವವನು ನಾನೇ.

ಗೋಕುಲಂ ಸ್ಕೂಟರ್
ಗ್ಯಾರೇಜ್ ಅಣ್ಣಾ, ಗೋಡೆಯ ಪರೀಕ್ಷೆ ಮಾಡಿದೆ. ಎಡ ಲಿವರ್ ಹಿಡಿದರೆ ಕೆಂಪು ಬರುತ್ತಿದೆ, ಬಲ ಲಿವರ್ ಹಿಡಿದರೆ ಇಲ್ಲ. ನಾನು ನಿಂತಾಗ ಹಿಡಿಯುವುದು ಬಲದ್ದನ್ನೇ! ಸ್ವಿಚ್ ಬದಲಿಸಬೇಕೇ? ಮಗಳ ಚೀಲಕ್ಕೂ ಹೊಳೆಯುವ ಪಟ್ಟಿ ಅಂಟಿಸಬೇಕೆಂದಿದ್ದೇನೆ, ಅಂಗಡಿಯಲ್ಲಿ ಬಿಳಿ, ಹಳದಿ, ಕೆಂಪು ಮೂರೂ ಇವೆ.

ಗ್ಯಾರೇಜ್ ಅಣ್ಣ
ಮೊದಲು ಸ್ವಿಚ್ ಬಿಚ್ಚಿ ಒರೆಸಿ ನೋಡಿಸಿ ಅಕ್ಕಾ, ಬಹಳ ಸಲ ಧೂಳು, ತುಕ್ಕು ಅಷ್ಟೇ ಇರುತ್ತದೆ. ಆಗದಿದ್ದರೆ ಬದಲಿಸಿ, ದುಬಾರಿ ವಸ್ತುವಲ್ಲ. ಅಲ್ಲಿಯ ತನಕ ನಿಂತಾಗ ಎಡ ಲಿವರ್ ಹಿಡಿಯಿರಿ. ಗಾಡಿಯ ಹಿಂಭಾಗಕ್ಕೆ ಕೆಂಪು ಪಟ್ಟಿ, ಬಿಳಿ ಮುಂಭಾಗಕ್ಕೆ. ಹಿಂದೆ ಬಿಳಿ ಅಂಟಿಸಿದರೆ ರಾತ್ರಿ ದೂರದಿಂದ ನೋಡುವವನಿಗೆ ಗಾಡಿ ಎದುರಿನಿಂದ ಬರುತ್ತಿದೆಯೋ ಮುಂದೆ ಹೋಗುತ್ತಿದೆಯೋ ಎಂದು ಗಲಿಬಿಲಿಯಾಗುತ್ತದೆ. ಚೀಲಕ್ಕೂ ಕೆಂಪೇ ಇರಲಿ, ಅದೂ ಹಿಂದಕ್ಕೇ ಕಾಣುವುದು. ಬಟ್ಟೆಯ ಮೇಲೆ ಅಂಟು ನಿಲ್ಲುವುದಿಲ್ಲ, ಹೊಲಿಯುವ ಪಟ್ಟಿ ಸಿಗುತ್ತದೆ, ಕೇಳಿ ನೋಡಿ.